ಹಂಗೆರಿಯ ಊಟೋಪಚಾರ

ಮಧ್ಯ ಯುರೋಪಿನ ಹಂಗೆರಿ ಬಯಲುಗಳ ನಾಡು. ಕಾರ್ಪೇಥಿಯನ್ ಪರ್ವತಗಳು ಅದನ್ನು ದೂರದಿಂದ ಬಳಸಿಕೊಂಡಿವೆ. ಡ್ಯಾನ್ಯೂಬ್ ಮತ್ತು ತಿಸ ನದಿಗಳು ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತವೆ. ಕಡಲ ತೀರವಿಲ್ಲ. ಗೋಧಿ, ದನ, ಹಂದಿ, ಬಾತು, ಹೊಳೆಮೀನು, ಎಲೆಕೋಸು, ಈರುಳ್ಳಿ, ದ್ರಾಕ್ಷಿ, ಹುಳಿಚೆರ್ರಿ, ಪ್ಲಮ್ ಈ ನೆಲದ ಬೆಳಸು, ಅಡುಗೆಯೂ ಇವುಗಳಿಂದಲೇ. ಹೊರಗಿನವರಿಗೆ ಹಂಗೆರಿಯ ಊಟವೆಂದರೆ ಗೂಲಾಶ್ ಮತ್ತು ಕೆಂಪು ಪಪ್ರಿಕ ಪುಡಿ. ಇವೆರಡೂ ಮುಖ್ಯವಾದವೇ ಹೌದು. ಆದರೆ ಹಂಗೆರಿಯನ್ನರು ದಿನನಿತ್ಯ ಉಣ್ಣುವ ಊಟ ನಿಂತಿರುವುದು ಮಧ್ಯಾಹ್ನದ ಸೂಪು, ಹಿಟ್ಟಿನ ತಿನಿಸು, ಗಟ್ಟಿಸಿದ ತರಕಾರಿ ಮತ್ತು ಹುಳಿಕೆನೆಯ ಮೇಲೆ. ಪ್ರವಾಸಿಗಳಿಗೆಂದು ಅಚ್ಚುಮಾಡಿದ ತಿಂಡಿಪಟ್ಟಿಗಳಲ್ಲಿ ಇವು ಮೂಲೆಗೆ ಸೇರಿರುತ್ತವೆ. ಈ ಅಡುಗೆಯನ್ನು ಅರಿಯಬೇಕೆನ್ನುವವರು ಮೊದಲು ಅವುಗಳ ಕಡೆಗೇ ನೋಡಬೇಕು.

ಚರಿತ್ರೆ

ಹಂಗೆರಿಯನ್ನರ ಪೂರ್ವಿಕರಾದ ಮಾಗ್ಯಾರರು ಪೂರ್ವದ ಹುಲ್ಲುಗಾವಲುಗಳಿಂದ ಕುದುರೆಯೇರಿ ಈ ಬಯಲಿಗೆ ಬಂದು ನೆಲೆಸಿದ್ದು ಸುಮಾರು 895ರಲ್ಲಿ. ಅವರು ಪಶುಪಾಲಕರು. ಬಯಲಿನಲ್ಲಿ ಬೆಂಕಿ ಹೂಡಿ, ತೂಗುಹಾಕಿದ ಕೊಪ್ಪರಿಗೆಯಲ್ಲಿ ಮಾಂಸ ಬೇಯಿಸುವ ರೂಢಿ ಅವರದು. ಬೊಗ್ರಾಚ್ ಎಂಬ ಆ ಕೊಪ್ಪರಿಗೆ ಇಂದಿಗೂ ಹಳ್ಳಿಯ ಹಿತ್ತಿಲಲ್ಲೂ ನಗರದ ಮನೆಗಳ ಕೈತೋಟದಲ್ಲೂ ಇದೆ. ಬೇಸಿಗೆಯ ರಜೆಯಲ್ಲಿ ನೆಂಟರಿಷ್ಟರು ಸೇರಿದಾಗ ಒಲೆ ಹೊತ್ತಿಸುವುದು ಬಹುಮಟ್ಟಿಗೆ ಗಂಡಸರ ಕೆಲಸ.

15ನೆಯ ಶತಮಾನದಲ್ಲಿ ಆಳಿದ ಮಾತ್ಯಾಶ್ ದೊರೆ (1458–1490) 1476ರಲ್ಲಿ ನೇಪಲ್ಸಿನ ರಾಜಕುಮಾರಿ ಬೇಯತ್ರಿಚೆಯನ್ನು ಮದುವೆಯಾದ. ಅವಳೊಂದಿಗೆ ಇಟಲಿಯ ಅಡುಗೆಯ ನಾಜೂಕು ಬುದಾ ಅರಮನೆಗೆ ಬಂದಿತು. ಆ ಆಸ್ಥಾನವನ್ನು ಕಣ್ಣಾರೆ ಕಂಡ ಇಟಲಿಯ ವಿದ್ವಾಂಸ ಗಲೆಯೊತ್ತೊ ಮಾರ್ತ್ಸಿಯೊ ಅಲ್ಲಿನ ಊಟವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಮಾಂಸ, ಮೀನು ಯಾವುದೇ ಇರಲಿ, ಪ್ರತಿಯೊಂದೂ ರಸದಲ್ಲಿ ಅದ್ದಿ ಬರುತ್ತಿತ್ತು. ಕೇಸರಿ, ಶುಂಠಿ, ದಾಲ್ಚಿನ್ನಿ, ಲವಂಗ, ಕಾಳುಮೆಣಸು ಧಾರಾಳವಾಗಿ ಬೀಳುತ್ತಿದ್ದವು. ಮುಳ್ಳುಚಮಚವಿಲ್ಲದೆ ಕೈಯಲ್ಲೇ ಉಣ್ಣುತ್ತಿದ್ದುದರಿಂದ ಬೆರಳುಗಳು ಕೇಸರಿಯ ಬಣ್ಣ ಹಿಡಿಯುತ್ತಿದ್ದವು. ಇಂದು ಹಂಗೆರಿಯ ಗುರುತೇ ಆಗಿರುವ ಕೆಂಪು ಪುಡಿಯ ಸುಳಿವು ಆ ವರ್ಣನೆಯಲ್ಲಿ ಇಲ್ಲ. ಅದರ ಗಿಡ ಆಗಿನ್ನೂ ಅಮೆರಿಕ ಖಂಡವನ್ನು ದಾಟಿರಲಿಲ್ಲ.

1526ರ ಮೊಹಾಚ್ ಯುದ್ಧದ ಸೋಲಿನ ನಂತರ ನಾಡು ಒಡೆಯಿತು. 1541ರಿಂದ 1686ರವರೆಗೆ ಬುದಾ ನಗರ ಆಟೊಮನ್ ತುರ್ಕರ ವಶದಲ್ಲಿತ್ತು. ಮೆಣಸಿನಕಾಯಿ, ಕಾಫಿ, ಕಾಗದದಷ್ಟು ತೆಳುವಾಗಿ ಎಳೆದ ಹಿಟ್ಟಿನ ಪದರಗಳ ತಿನಿಸು, ತರಕಾರಿಯೊಳಗೆ ಹೂರಣ ತುಂಬುವ ಪದ್ಧತಿ ಇವುಗಳಲ್ಲಿ ತುರ್ಕರ ಕೈ ಇದೆ. ಆ ಬಳಿಕ ಬಂದ ಆಸ್ಟ್ರಿಯದ ಹಾಬ್ಸ್‌ಬರ್ಗ್ ಮನೆತನದ ಆಳ್ವಿಕೆಯಲ್ಲಿ ವಿಯೆನ್ನಾದ ರೊಟ್ಟಿಪುಡಿ ಸವರಿ ಕರಿದ ಮಾಂಸ, ಕೇಕು, ಕಾಫಿಮನೆಗಳು ನೆಲೆಯೂರಿದವು. ನಾಡಿನ ಯೆಹೂದ್ಯರಿಂದ ಬೀನ್ಸ್ ಮತ್ತು ಬಾರ್ಲಿಯನ್ನು ರಾತ್ರಿಯಿಡೀ ಬೇಯಿಸುವ ಶೋಲೆತ್ ಬಂದಿತು. ಸೇಬು, ಗಸಗಸೆ, ಅಕ್ರೋಟು, ಪ್ಲಮ್ ಜಾಮುಗಳನ್ನು ಒಂದರ ಮೇಲೊಂದು ಹಾಸಿದ ಫ್ಲೋದ್ನಿಯೂ ಅವರದೇ. ರಾಜಧಾನಿ ಬುಡಾಪೆಸ್ಟಿನ ಹಳೆಯ ಯೆಹೂದಿ ಬಡಾವಣೆಯಲ್ಲಿ ಇವು ಇಂದಿಗೂ ಸಿಗುತ್ತವೆ. ಮೊದಲ ಮಹಾಯುದ್ಧದ ಸೋಲಿನ ನಂತರ, 1920ರ ತ್ರಿಯಾನೋನ್ ಒಪ್ಪಂದದಲ್ಲಿ ದೇಶ ತನ್ನ ನೆಲದ ಸುಮಾರು ಮೂರರಲ್ಲಿ ಎರಡು ಭಾಗವನ್ನು ಕಳೆದುಕೊಂಡರೂ ಅಡುಗೆ ಆ ಗಡಿಗಳನ್ನು ಒಪ್ಪಿಕೊಳ್ಳಲಿಲ್ಲ. ಈಗ ರೊಮೇನಿಯದಲ್ಲಿರುವ ಟ್ರಾನ್ಸಿಲ್ವೇನಿಯದ ತಿನಿಸುಗಳನ್ನು ಹಂಗೆರಿಯನ್ನರು ತಮ್ಮವೆಂದೇ ಉಣ್ಣುತ್ತಾರೆ. ಕೋಲಿಗೆ ಹಿಟ್ಟು ಸುತ್ತಿ ಕೆಂಡದ ಮೇಲೆ ತಿರುಗಿಸಿ ಸುಡುವ, ಹೊರಮೈಯ ಸಕ್ಕರೆ ಕರಗಿ ಗರಿಗಟ್ಟುವ ಕುರ್ತೋಶ್‌ಕಲಾಚ್ ಅಂಥದ್ದು.

ಪಪ್ರಿಕ

ಮೆಣಸಿನ ಗಿಡ ಹಂಗೆರಿಗೆ ಬಂದದ್ದು 16ನೆಯ ಶತಮಾನದಲ್ಲಿ, ಶ್ರೀಮಂತರ ತೋಟದ ಅಲಂಕಾರದ ಸಸ್ಯವಾಗಿ. ಆಗ ಅದನ್ನು ತುರ್ಕಿ ಮೆಣಸು ಎನ್ನುತ್ತಿದ್ದರು. ಅಡುಗೆಮನೆಗೆ ಅದನ್ನು ತಂದವರು ರೈತರು ಮತ್ತು ದನಗಾಹಿಗಳು. ದೂರದ ಕಾಳುಮೆಣಸು ಕೊಳ್ಳಲು ಕೈಲಾಗದವರಿಗೆ ಹಿತ್ತಿಲಲ್ಲೇ ಬೆಳೆಯುವ ಖಾರ ಒದಗಿತು. ನೆಪೋಲಿಯನ್ ಕಾಲದ ಕಡಲ ದಿಗ್ಬಂಧನದಲ್ಲಿ ಕಾಳುಮೆಣಸು ದುಬಾರಿಯಾದ ಮೇಲೆ ಮೇಲ್ವರ್ಗದವರೂ ಪಪ್ರಿಕದತ್ತ ತಿರುಗಿದರು. 19ನೆಯ ಶತಮಾನ ಮುಗಿಯುವ ಹೊತ್ತಿಗೆ ಅದಿಲ್ಲದೆ ಹಂಗೆರಿಯ ಅಡುಗೆಯೇ ಇಲ್ಲವೆಂಬಂತಾಯಿತು.

ಇಂದಿನ ಪಪ್ರಿಕ ಪುಡಿಯ ಹದ ತಾನಾಗಿ ಬಂದದ್ದಲ್ಲ. ತಿಸ ದಂಡೆಯ ಸೆಗೆದ್ ಪಟ್ಟಣದಲ್ಲಿ ಪಾಲ್ಫಿ ಸೋದರರು 1859ರಲ್ಲಿ ಕಾಯಿಯ ಬೀಜ ಮತ್ತು ಒಳನರಗಳನ್ನು ಬೇರ್ಪಡಿಸುವ ಕ್ರಮ ಕಂಡುಹಿಡಿದರು. ಖಾರವಿರುವುದು ಒಳನರಗಳಲ್ಲಿ, ಅವನ್ನು ತೆಗೆದರೆ ಬಣ್ಣ ಮತ್ತು ಪರಿಮಳ ಉಳಿದು ಖಾರ ಇಳಿಯುತ್ತದೆ. 1920ರ ದಶಕದಲ್ಲಿ ಹುಟ್ಟಿನಿಂದಲೇ ಖಾರವಿಲ್ಲದ ತಳಿಗಳು ಬಂದವು. ಪುಡಿಯಲ್ಲಿ ಅನೇಕ ದರ್ಜೆಗಳಿವೆ: ಅತಿ ನುಣುಪಾದ ಕುಲೊನ್ಲೆಗೆಶ್, ಎಲ್ಲೆಡೆ ಬಳಕೆಯಲ್ಲಿರುವ ಸಿಹಿಯಾದ ಏದೆಶ್‌ನೆಮೆಶ್, ನಡುಖಾರದ ರೋಜ, ನಿಜಕ್ಕೂ ಖಾರವಾದ ಎರೋಶ್. ಅಂಗಡಿಯಲ್ಲಿ ಕೊಳ್ಳುವಾಗ ಪೊಟ್ಟಣದ ಮೇಲಿನ ಈ ಹೆಸರನ್ನು ನೋಡಿಯೇ ಕೊಳ್ಳಬೇಕು. ಸೆಗೆದ್ ಮತ್ತು ಡ್ಯಾನ್ಯೂಬ್ ಬದಿಯ ಕಲೊಚ ಎರಡೂ ಪಪ್ರಿಕದ ತವರುಗಳು. ಸೆಪ್ಟೆಂಬರಿನ ಕೊಯ್ಲಿನಲ್ಲಿ ಕಾಯಿಗಳನ್ನು ಮಾಲೆಗಟ್ಟಿ ಮನೆಯ ಗೋಡೆಗೆ ತೂಗುಹಾಕಿ ಒಣಗಿಸುವ ನೋಟ ಕಲೊಚದ ಹಳ್ಳಿಗಳ ಗುರುತು.

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯೂ ಇದೇ ಸಸ್ಯಜಾತಿಯದು. ಅಮೆರಿಕದಿಂದ ಹೊರಟ ಒಂದೇ ಗಿಡ ಪೋರ್ಚುಗೀಸರ ಹಡಗಿನಲ್ಲಿ ಭಾರತಕ್ಕೂ ತುರ್ಕರ ಮೂಲಕ ಹಂಗೆರಿಗೂ ಬಂದಿತು. ಕಡುಗೆಂಪು ಬಣ್ಣ, ತಗ್ಗಿದ ಖಾರ ಎರಡಕ್ಕೂ ಸಮಾನ ಗುಣ. ಬಳಸುವ ಬಗೆ ಮಾತ್ರ ಬೇರೆ. ಹಂಗೆರಿಯ ಅಡುಗೆಯವರು ಈರುಳ್ಳಿಯನ್ನು ಕೊಬ್ಬಿನಲ್ಲಿ ಬಾಡಿಸಿ, ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಪಪ್ರಿಕ ಹಾಕುತ್ತಾರೆ. ಅದರಲ್ಲಿರುವ ಸಕ್ಕರೆಯ ಅಂಶ ಉರಿಯ ಮೇಲೆ ಕ್ಷಣದಲ್ಲಿ ಕರಟಿ ಕಹಿಯಾಗುತ್ತದೆ. ಹಾಗಾದರೆ ಇಡೀ ಪಾತ್ರೆ ಕೆಟ್ಟಂತೆಯೇ.

ವಿಜ್ಞಾನದ ಚರಿತ್ರೆಯಲ್ಲೂ ಈ ಕಾಯಿಗೆ ಸ್ಥಾನವಿದೆ. ಸೆಗೆದ್ ವಿಶ್ವವಿದ್ಯಾಲಯದಲ್ಲಿದ್ದ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಸಿ ಜೀವಸತ್ವವನ್ನು ಹೇರಳವಾಗಿ ಬೇರ್ಪಡಿಸಲು ಮೂಲವೊಂದನ್ನು ಹುಡುಕುತ್ತಿದ್ದರು. ಒಂದು ರಾತ್ರಿ ಹೆಂಡತಿ ಬಡಿಸಿದ ಹಸಿ ಪಪ್ರಿಕವನ್ನು ತಿನ್ನಲು ಮನಸ್ಸಾಗದೆ ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸಿದೆನೆಂದು ಅವರೇ ಹೇಳಿಕೊಂಡಿದ್ದಾರೆ. ಅದರಲ್ಲಿ ಆ ಸತ್ವ ತುಂಬಿತ್ತು. 1937ರಲ್ಲಿ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಬಂದಿತು.

ಗುಯಾಶ್ ಮತ್ತು ಅದರ ಬಳಗ

ಜಗತ್ತಿನ ಹೋಟೆಲುಗಳಲ್ಲಿ ಗೂಲಾಶ್ ಎಂದು ಬಡಿಸುವ ಗಟ್ಟಿ ಗೊಜ್ಜು ಹಂಗೆರಿಯಲ್ಲಿ ಬೇರೆ ಹೆಸರಿನ ಅಡುಗೆ. ಅಲ್ಲಿ ಗುಯಾಶ್ ಎಂದರೆ ತೆಳುರಸದ ಸೂಪು. ದನ ಕಾಯುವವರ ಊಟವಾದ್ದರಿಂದ ಅವರ ಹೆಸರೇ ಅದಕ್ಕೂ ಬಂದಿದೆ. ದನದ ಕಾಲಿನ ಮಾಂಸದ ತುಂಡು, ಈರುಳ್ಳಿ, ಪಪ್ರಿಕ, ಶಾಜೀರಿಗೆ, ಆಲೂಗೆಡ್ಡೆ, ಕ್ಯಾರೆಟ್, ಪಾರ್ಸ್ಲಿ ಬೇರು ಇಷ್ಟು ಸಾಮಗ್ರಿ. ಕೊನೆಯಲ್ಲಿ ಮೊಟ್ಟೆ ಹಾಕಿ ಕಲಸಿದ ಗೋಧಿಹಿಟ್ಟನ್ನು ಚಿವುಟಿ ಚಿವುಟಿ ಕುದಿಯುವ ರಸಕ್ಕೆ ಉದುರಿಸುತ್ತಾರೆ. 18ನೆಯ ಶತಮಾನದ ಕೊನೆಯಲ್ಲಿ ಹಾಬ್ಸ್‌ಬರ್ಗ್ ಚಕ್ರವರ್ತಿ ಎರಡನೆಯ ಜೋಸೆಫ್ ಜರ್ಮನ್ ಭಾಷೆಯನ್ನೂ ಆಡಳಿತವನ್ನೂ ಹೇರಲು ಹೊರಟಾಗ ಹಂಗೆರಿಯ ಕುಲೀನರು ತಮ್ಮತನವನ್ನು ತೋರಿಸಲು ಉಡುಪು, ನುಡಿಗಳ ಜೊತೆಗೆ ಈ ದನಗಾಹಿ ಸೂಪನ್ನೂ ಎತ್ತಿಹಿಡಿದರು. ಬಯಲಿನ ಬಡವರ ಊಟ ರಾಷ್ಟ್ರದ ಸಂಕೇತವಾದದ್ದು ಹೀಗೆ. 1956ರ ದಂಗೆಯ ನಂತರದ ಯಾನೋಶ್ ಕಾದಾರ್‌ನ ಕಮ್ಯುನಿಸ್ಟ್ ಆಡಳಿತವನ್ನು, ಜನರಿಗೆ ಹೊಟ್ಟೆತುಂಬ ಊಟವನ್ನೂ ಒಂದಿಷ್ಟು ಸಡಿಲವನ್ನೂ ಕೊಟ್ಟಿತೆಂಬ ಕಾರಣಕ್ಕೆ, ಗೂಲಾಶ್ ಕಮ್ಯುನಿಸಂ ಎಂದೇ ಕರೆದರು.

ಹೊರಗಿನವರು ಗೂಲಾಶ್ ಎಂದುಕೊಂಡಿರುವುದು ಪೊರ್ಕೊಲ್ಟ್. ನೀರು ಹೆಚ್ಚು ಹಾಕದೆ, ಮಾಂಸ ತನ್ನ ರಸದಲ್ಲೇ ಬೇಯುವ ಗಟ್ಟಿ ಪಲ್ಯ ಇದು. ಇದಕ್ಕೆ ಹುಳಿಕೆನೆ ಬೆರೆಸಿದರೆ ಪಪ್ರಿಕಾಶ್. ಕೋಳಿಯ ಪಪ್ರಿಕಾಶ್ ಎಲ್ಲಕ್ಕಿಂತ ಹೆಸರಾದದ್ದು. ಮಾಂಸವನ್ನು ಉದ್ದುದ್ದ ಸೀಳಿ, ಪಪ್ರಿಕ ಕಡಿಮೆ ಮಾಡಿ, ಕಾಳುಮೆಣಸಿನ ಮೇಲೆ ಭಾರ ಹಾಕಿದರೆ ತೊಕಾನ್ಯ್. ಇವುಗಳ ಜೊತೆಗೆ ಅನ್ನದ ಬದಲು ನೊಕೆಡ್ಲಿ ಬರುತ್ತದೆ. ಹಿಟ್ಟನ್ನು ತೂತುಹಲಗೆಯ ಮೂಲಕ ಕುದಿಯುವ ನೀರಿಗೆ ಒತ್ತಿ ಬೇಯಿಸಿದ ಪುಟ್ಟ ಉಂಡೆಗಳವು. ಇಲ್ಲವಾದರೆ ತರ್ಹೊನ್ಯ ಇರುತ್ತದೆ: ಮೊಟ್ಟೆ ಮತ್ತು ಹಿಟ್ಟನ್ನು ಕಾಳುಕಾಳಾಗಿ ಉದುರಿಸಿ ಬಿಸಿಲಲ್ಲಿ ಒಣಗಿಸಿದ, ಬುತ್ತಿಗೆ ಹೇಳಿಮಾಡಿಸಿದ ಆಹಾರ. ದೊಣ್ಣೆಮೆಣಸಿನಕಾಯಿ, ಟೊಮೆಟೊ, ಈರುಳ್ಳಿಗಳ ಲೆಚೊ ಬೇಸಿಗೆಯ ಕೊನೆಯಲ್ಲಿ ಪ್ರತಿ ಮನೆಯಲ್ಲೂ ಬೇಯುತ್ತದೆ; ಚಳಿಗಾಲಕ್ಕೆಂದು ಬಾಟಲಿಗಳಲ್ಲಿ ತುಂಬಿಡುವುದೂ ಅದನ್ನೇ.

ಸೂಪು

ಹಂಗೆರಿಯಲ್ಲಿ ಸೂಪಿಲ್ಲದ ಮಧ್ಯಾಹ್ನದ ಊಟ ಊಟವೆನಿಸುವುದಿಲ್ಲ. ಭಾನುವಾರ ಬಹುತೇಕ ಮನೆಗಳಲ್ಲಿ ಕಾಣುವ ಕ್ರಮ ಇದು: ಮೊದಲು ಹುಶ್‌ಲೆವೆಶ್ ಎಂಬ ತಿಳಿಯಾದ ಮಾಂಸದ ಸಾರು, ನಂತರ ರೊಟ್ಟಿಪುಡಿ ಸವರಿ ಕರಿದ ಮಾಂಸ, ಸೌತೆಕಾಯಿಯ ಹುಳಿಪಚಡಿ, ಆಮೇಲೆ ಕೇಕು. ಹುಶ್‌ಲೆವೆಶ್ ಕುದಿಯದೆ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವಷ್ಟೇ ಉರಿಯಲ್ಲಿ ಗಂಟೆಗಟ್ಟಲೆ ಬೇಯಬೇಕು; ಕುದಿ ಬಂದರೆ ತಿಳಿ ಕದಡುತ್ತದೆ. ಸಾರನ್ನು ಎಳೆಶಾವಿಗೆಯೊಂದಿಗೆ ಮೊದಲು ಉಂಡು, ಬೆಂದ ಮಾಂಸ ಮತ್ತು ತರಕಾರಿಯನ್ನು ಮುಲ್ಲಂಗಿಯಂತೆ ಮೂಗಿಗೆ ಏರುವ ತೊರ್ಮ ಬೇರಿನ ತುರಿಯೊಂದಿಗೆ ಬೇರೆ ತಿನ್ನುತ್ತಾರೆ. ಮೂಳೆಯ ಮಜ್ಜೆಯನ್ನು ಸುಟ್ಟ ರೊಟ್ಟಿಯ ಮೇಲೆ ಸವರಿ ಉಪ್ಪುದುರಿಸಿ ತಿನ್ನುವುದು ಇದರ ಪರಮಸುಖ. ಲೇಖಕ ಗ್ಯುಲ ಕ್ರೂದಿ (1878–1933) ಊಟದ ಬಗ್ಗೆ ಬರೆದಷ್ಟು ಪ್ರೀತಿಯಿಂದ ಹಂಗೆರಿಯಲ್ಲಿ ಇನ್ನಾರೂ ಬರೆದಿಲ್ಲ. ಅವನ ಕಥೆಗಳನ್ನು ಆಧರಿಸಿ ಜೋಲ್ತಾನ್ ಹುಸಾರಿಕ್ 1971ರಲ್ಲಿ ಮಾಡಿದ ‘ಸಿಂದ್‌ಬಾದ್’ ಚಿತ್ರದಲ್ಲಿ ನಾಯಕ ಮಜ್ಜೆಯ ಮೂಳೆಯನ್ನು ಕುಟ್ಟಿ ಬಿಡಿಸಿಕೊಂಡು ತಿನ್ನುವ ದೃಶ್ಯ ಹಂಗೆರಿಯ ಜನರ ನೆನಪಿನಲ್ಲಿ ಅಚ್ಚೊತ್ತಿದೆ.

ಕೆಲವು ಸೂಪುಗಳು ಹೆಸರಾಂತ ವ್ಯಕ್ತಿಗಳ ಹೆಸರು ಹೊತ್ತಿವೆ. ಕಾದಂಬರಿಕಾರ ಮೋರ್ ಯೋಕಾಯಿಯ ಹೆಸರಿನ ಬೀನ್ಸ್ ಸೂಪಿನಲ್ಲಿ ಹೊಗೆಯಿಟ್ಟ ಹಂದಿಮಾಂಸ ಮತ್ತು ಹುಳಿಕೆನೆ ಇರುತ್ತವೆ. ನಟ ಏದೆ ಉಯ್‌ಹಾಜಿಯ ಹೆಸರಿನದು ಕೋಳಿಸೂಪು. ಬೇಸಿಗೆಗೆ ಹುಳಿಚೆರ್ರಿಯ ತಣ್ಣನೆಯ ಸೂಪು ಮೆಗ್ಯ್‌ಲೆವೆಶ್ ಇದೆ: ಸಿಹಿಹುಳಿ, ತಿಳಿಗುಲಾಬಿ ಬಣ್ಣ, ದಾಲ್ಚಿನ್ನಿಯ ವಾಸನೆ. ಹೊರಗಿನವರು ಇದನ್ನು ಕೊನೆಯ ಸಿಹಿಯೆಂದು ಭಾವಿಸುತ್ತಾರೆ. ಅಲ್ಲಿ ಅದು ಊಟದ ಆರಂಭ.

ಹೊಳೆಮೀನಿನ ಹಲಾಸ್‌ಲೇ ವಿಷಯದಲ್ಲಿ ನಾಡು ಎರಡು ಪಾಳೆಯವಾಗಿದೆ. ಸೆಗೆದ್‌ನವರು ಸಣ್ಣಮೀನುಗಳನ್ನು ಈರುಳ್ಳಿಯೊಂದಿಗೆ ಬೇಯಿಸಿ, ಜರಡಿಯಲ್ಲಿ ತಿಕ್ಕಿ ಸೋಸಿ, ಆ ಗಟ್ಟಿರಸಕ್ಕೆ ದೊಡ್ಡಮೀನಿನ ತುಂಡು ಹಾಕುತ್ತಾರೆ. ಡ್ಯಾನ್ಯೂಬ್ ದಂಡೆಯ ಬಯ ಪಟ್ಟಣದವರು ಸೋಸುವುದಿಲ್ಲ. ಬೆಂಕಿಕಡ್ಡಿಯಷ್ಟು ಸಣ್ಣ ಶಾವಿಗೆಯನ್ನು ತಟ್ಟೆಗೆ ಹಾಕಿ ಅದರ ಮೇಲೆ ರಸ ಬಡಿಸುತ್ತಾರೆ. ಯಾವುದು ಸರಿಯೆಂಬ ಚರ್ಚೆ ಎರಡೂ ಕಡೆ ಗಂಭೀರವಾದದ್ದು. ಎರಡನ್ನೂ ಅವುಗಳ ಊರಲ್ಲೇ ಉಂಡು ನೋಡುವುದು ಒಳ್ಳೆಯದು. ಬಲತೊನ್ ಸರೋವರದಲ್ಲಿ ಫೊಗಶ್ ಎಂಬ ಬಿಳಿಮಾಂಸದ ಮೀನು ಹೆಸರುವಾಸಿ. ಅದೇ ಸರೋವರದ ದಂಡೆಯ ಗೂಡಂಗಡಿಗಳಲ್ಲಿ ಎಲ್ಲರೂ ಕರಿಸಿಕೊಂಡು ತಿನ್ನುವ ಹೆಕ್ ಮಾತ್ರ ಹೊರದೇಶಗಳಿಂದ ಬರುವ ಕಡಲಮೀನು.

ನಿತ್ಯದ ಊಟ

ತರಕಾರಿಯನ್ನು ಬೇಯಿಸಿ, ಕೊಬ್ಬಿನಲ್ಲಿ ಹುರಿದ ಹಿಟ್ಟು ಇಲ್ಲವೇ ಹುಳಿಕೆನೆಯಿಂದ ಗಟ್ಟಿಸಿದರೆ ಅದು ಫೋಜೆಲೇಕ್. ಸೋರೆಯಂಥ ಕಾಯಿಗೆ ಸಬ್ಬಸಿಗೆ, ಪಾಲಕ್‌ಗೆ ಬೆಳ್ಳುಳ್ಳಿ, ಆಲೂಗೆಡ್ಡೆಗೆ ಬಿರಿಯಾನಿ ಎಲೆ, ಬಟಾಣಿಗೆ ಪಾರ್ಸ್ಲಿ ಹೀಗೆ ಒಂದೊಂದಕ್ಕೂ ಒಂದು ಜೋಡಿ. ಮೇಲೊಂದು ಹುರಿದ ಮೊಟ್ಟೆಯೋ ಮಾಂಸದ ತುಂಡೋ ಇರುತ್ತದೆ. ಶಾಲೆಯ ಊಟದಲ್ಲಿ ಮಕ್ಕಳು ಮುಖ ತಿರುಗಿಸುವುದೂ ಇದಕ್ಕೇ, ಹೊರದೇಶ ಸೇರಿದ ಹಂಗೆರಿಯನ್ನರು ಹಂಬಲಿಸುವುದೂ ಇದಕ್ಕೇ. ಈ ನಾಡಿನ ಮನೆಯಡುಗೆಯ ಸತ್ವ ಗುಯಾಶ್‌ಗಿಂತ ಇದರಲ್ಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಉಪ್ಪಿನಲ್ಲಿ ಹುಳಿ ಬರಿಸಿದ ಎಲೆಕೋಸಿನ ಎಲೆಯಲ್ಲಿ ಮಾಂಸ ಮತ್ತು ಅಕ್ಕಿ ಸುತ್ತಿ ಬೇಯಿಸುವ ತೊಲ್ತೊತ್ ಕಾಪೊಸ್ತ ಚಳಿಗಾಲದ ರಾಜ. ಮಾಡಿದ ದಿನಕ್ಕಿಂತ ಮಾರನೆಯ ದಿನ ರುಚಿ. ಆಲೂಗೆಡ್ಡೆ, ಬೆಂದ ಮೊಟ್ಟೆ, ಸಾಸೇಜುಗಳನ್ನು ಪದರವಾಗಿ ಹಾಸಿ ಹುಳಿಕೆನೆ ಸುರಿದು ಒಲೆಯಲ್ಲಿಡುವ ರಕೊತ್ ಕ್ರುಂಪ್ಲಿ ತಿಂಗಳ ಕೊನೆಯ ಊಟ. ಹಿಟ್ಟಿನ ತಿನಿಸುಗಳಲ್ಲಿ ಸಿಹಿ–ಖಾರದ ಗೆರೆ ಕಟ್ಟುನಿಟ್ಟಲ್ಲ. ಬೆಂದ ಶಾವಿಗೆಯ ಮೇಲೆ ತೂರೋ ಎಂಬ ಉದುರುಗಿಣ್ಣು, ಹುಳಿಕೆನೆ, ಕರಿದ ಹಂದಿಕೊಬ್ಬಿನ ಚೂರು ಬಿದ್ದರೆ ತೂರೋಶ್ ಚುಸ. ಅದೇ ಶಾವಿಗೆಯ ಮೇಲೆ ಸಕ್ಕರೆ ಬೆರೆಸಿದ ಗಸಗಸೆ ಪುಡಿ ಬಿದ್ದರೆ ಮಾಕೊಶ್ ತೇಸ್ತ. ಎರಡನೆಯದೂ ಸೂಪಿನ ನಂತರದ ಮುಖ್ಯ ಊಟವೇ, ಸಿಹಿತಿಂಡಿಯಲ್ಲ. ಬೀದಿಯಲ್ಲಿ ಸಿಗುವ ಲಾಂಗೋಶ್ ಹುದುಗುಬಂದ ಹಿಟ್ಟನ್ನು ತಟ್ಟಿ ಎಣ್ಣೆಯಲ್ಲಿ ಕರಿದದ್ದು; ಬೆಳ್ಳುಳ್ಳಿ ನೀರು ಸವರಿ, ಹುಳಿಕೆನೆ ಮತ್ತು ತುರಿದ ಗಿಣ್ಣು ಹಾಕಿ ಬಿಸಿಬಿಸಿಯಾಗಿ ನಿಂತೇ ತಿನ್ನಬೇಕು.

ಬೆಳಗಿನ ಊಟ ರೊಟ್ಟಿ, ಬೆಣ್ಣೆ, ಹೊಗೆಯಿಟ್ಟ ಸಾಸೇಜು, ಹಸಿ ದೊಣ್ಣೆಮೆಣಸಿನಕಾಯಿ, ಟೊಮೆಟೊ. ರಾತ್ರಿಯದೂ ಹೆಚ್ಚುಕಡಿಮೆ ಅದೇ, ತಣ್ಣನೆಯದು. ಮಾರ್ಕ್ ಪಿಕ್ 1869ರಲ್ಲಿ ಸೆಗೆದ್‌ನಲ್ಲಿ ಆರಂಭಿಸಿದ ಉದ್ಯಮದ ಚಳಿಗಾಲದ ಸಲಾಮಿ, ಗ್ಯುಲ ಮತ್ತು ಬೇಕೇಶ್‌ಚಬ ಪಟ್ಟಣಗಳ ಪಪ್ರಿಕ ಸಾಸೇಜುಗಳು ಈ ತಣ್ಣನೆಯ ತಟ್ಟೆಯ ಹೆಮ್ಮೆ. ಗುಂಗುರುಕೂದಲಿನ ಮಂಗಲಿತ್ಸ ಹಂದಿ 20ನೆಯ ಶತಮಾನದ ಕೊನೆಗೆ ಅಳಿವಿನಂಚಿಗೆ ಬಂದಿತ್ತು. ಅದರ ಕೊಬ್ಬಿನ ರುಚಿಯೇ ಆ ತಳಿಯನ್ನು ಉಳಿಸಿತು.

ಸಿಹಿ ಮತ್ತು ಕಾಫಿಮನೆ

19ನೆಯ ಶತಮಾನದ ಕೊನೆಯಲ್ಲಿ ಬುಡಾಪೆಸ್ಟ್ ಜಗತ್ತಿನ ಅತಿ ದೊಡ್ಡ ಹಿಟ್ಟಿನ ಗಿರಣಿ ಕೇಂದ್ರಗಳಲ್ಲೊಂದು. ಕಬ್ಬಿಣದ ಉರುಳೆಗಳಲ್ಲಿ ಬೀಸಿದ ನುಣುಪು ಹಿಟ್ಟು ಕೇಕುಗಾರರ ಕೈಗೆ ಬಂದದ್ದು ಆಗ. ಮೇಜಿನಗಲಕ್ಕೆ ಎಳೆದ ಹಿಟ್ಟಿನಲ್ಲಿ ಸೇಬು, ಗಸಗಸೆ ಅಥವಾ ಗಿಣ್ಣು ಸುತ್ತಿದ ರೇತೆಶ್‌ಗೂ ಇಂಥ ಹಿಟ್ಟೇ ಬೇಕು. ಯೋಜೆಫ್ ಡೊಬೊಶ್ 1885ರ ಬುಡಾಪೆಸ್ಟ್ ರಾಷ್ಟ್ರೀಯ ಪ್ರದರ್ಶನದಲ್ಲಿ ತನ್ನ ಹೆಸರಿನ ಕೇಕನ್ನು ಮುಂದಿಟ್ಟ. ತೆಳು ಪದರಗಳ ನಡುವೆ ಚಾಕೊಲೇಟ್ ಬೆಣ್ಣೆಕೆನೆ, ಮೇಲೆ ಗಾಜಿನಂಥ ಸುಟ್ಟ ಸಕ್ಕರೆ. ಶೀತಪೆಟ್ಟಿಗೆಯಿಲ್ಲದ ಕಾಲದಲ್ಲಿ ಕೆಡದೆ ದೂರ ಸಾಗಬಲ್ಲ ಕೇಕು ಬೇಕೆಂಬುದು ಅವನ ಲೆಕ್ಕ. ಮೇಲಿನ ಸಕ್ಕರೆಯ ಮುಚ್ಚಳ ಒಳಗನ್ನು ಒಣಗದಂತೆ ಕಾಯುತ್ತಿತ್ತು. ವರ್ಷಗಟ್ಟಲೆ ಗುಟ್ಟಾಗಿಟ್ಟ ಪಾಕವನ್ನು 1906ರಲ್ಲಿ ಅವನು ತನ್ನ ವೃತ್ತಿಬಾಂಧವರ ಸಂಘಕ್ಕೆ ಒಪ್ಪಿಸಿದ. ಬುದಾ ಕೋಟೆಯ ರುಸ್ವುರ್ಮ್ 1827ರಿಂದ ಇರುವ ಮಿಠಾಯಿಮನೆ; ಪೆಸ್ಟ್ ಬದಿಯ ಜೆರ್ಬೋ 1858ರಲ್ಲಿ ಆರಂಭವಾದದ್ದು. ಸೊಮ್ಲೋಯಿ ಗಲುಷ್ಕ ಎಂಬ, ಮೂರು ಬಗೆಯ ಕೇಕಿನ ತುಂಡುಗಳಿಗೆ ರಮ್ ಪಾಕ, ಅಕ್ರೋಟು, ಚಾಕೊಲೇಟು, ಕೆನೆ ಸುರಿದ ತಿನಿಸು 1958ರ ಬ್ರಸೆಲ್ಸ್ ವಿಶ್ವಪ್ರದರ್ಶನದಲ್ಲಿ ಹೆಸರು ಪಡೆಯಿತು. ಅಂಗಡಿಯ ಶೀತಪೆಟ್ಟಿಗೆಯಲ್ಲಿ ಕೆಂಪು ಚುಕ್ಕಿಯ ಹೊದಿಕೆಯ ತೂರೋ ರೂದಿಯನ್ನು ಹುಡುಕಬೇಕು. ಚಾಕೊಲೇಟ್ ಹೊದೆಸಿದ ಈ ಗಿಣ್ಣಿನ ಕಡ್ಡಿ 1968ರಿಂದ ಎಲ್ಲ ವಯಸ್ಸಿನವರ ಪ್ರೀತಿಯ ತಿಂಡಿ.

ಕಾಫಿಮನೆ ಹಂಗೆರಿಯ ಸಾಹಿತ್ಯದ ಅಂಗಳವೂ ಆಗಿತ್ತು. 1894ರಲ್ಲಿ ತೆರೆದ ನ್ಯೂಯಾರ್ಕ್ ಕಾಫಿಮನೆಯಲ್ಲಿ ಬರಹಗಾರರಿಗೆ ಕಾಗದ, ಶಾಯಿಗಳನ್ನು ಪುಕ್ಕಟೆ ಕೊಡುತ್ತಿದ್ದರು. ತಣ್ಣನೆಯ ಮಾಂಸ, ಗಿಣ್ಣು, ರೊಟ್ಟಿಗಳ ಅಗ್ಗದ ‘ಸಾಹಿತ್ಯ ತಟ್ಟೆ’ ಅವರಿಗೆಂದೇ ಇತ್ತು. ಇಂದು ಅಲ್ಲಿ ಸರತಿ ನಿಲ್ಲುವವರು ಪ್ರವಾಸಿಗಳು. ಊರಿನವರೊಡನೆ ಕಾಫಿ ಕುಡಿಯಬೇಕೆಂದರೆ ಯಾವುದಾದರೂ ಬಡಾವಣೆಯ ಚುಕ್ರಾಸ್ದ, ಅಂದರೆ ಮಿಠಾಯಿಮನೆ, ಹೆಚ್ಚು ಹಿತ.

ಪಾನೀಯಗಳು

ಈಶಾನ್ಯದ ತೊಕಾಯಿ ಬೆಟ್ಟಗಳ ವೈನ್ ಸೀಮೆಯ ಗಡಿಯನ್ನು 1737ರಲ್ಲೇ ರಾಜಾಜ್ಞೆಯಿಂದ ಗುರುತಿಸಲಾಯಿತು. 2002ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬೊದ್ರೊಗ್ ಮತ್ತು ತಿಸ ನದಿಗಳಿಂದ ಏಳುವ ಶರತ್ಕಾಲದ ಮಂಜು ದ್ರಾಕ್ಷಿಯ ಮೇಲೆ ಬೊಟ್ರೈಟಿಸ್ ಎಂಬ ಬೂಷ್ಟನ್ನು ಬೆಳೆಸುತ್ತದೆ. ಅದರಿಂದ ಹಣ್ಣು ಕೆಡದೆ ಬತ್ತಿ ಸಕ್ಕರೆ ಗಟ್ಟಿಯಾಗುತ್ತದೆ. ಅಂಥ ಹಣ್ಣನ್ನು ಒಂದೊಂದಾಗಿ ಕೈಯಲ್ಲಿ ಆರಿಸಿ ಮಾಡುವ ಸಿಹಿವೈನ್ ಅಸೂ. ಹಿಂದೆ 136 ಲೀಟರಿನ ಪೀಪಾಯಿಗೆ ಎಷ್ಟು ಬುಟ್ಟಿ ಹಣ್ಣು ಸುರಿದರೆಂಬುದೇ ಅದರ ದರ್ಜೆ. ಎಗೆರ್‌ನ ಕೆಂಪುವೈನ್ ‘ಗೂಳಿಯ ರಕ್ತ’ ಎಂಬ ಹೆಸರಿನದು. 1552ರಲ್ಲಿ ಇಷ್ತ್ವಾನ್ ದೊಬೊ ಎಗೆರ್ ಕೋಟೆಯನ್ನು ತುರ್ಕರಿಂದ ಕಾಪಾಡಿದಾಗ ಸೈನಿಕರ ಗಡ್ಡಕ್ಕೆ ಅಂಟಿದ ಕೆಂಪನ್ನು ಕಂಡು ಶತ್ರುಗಳು ಬೆದರಿದರೆಂಬ ದಂತಕಥೆ ಅದಕ್ಕೆ ಅಂಟಿಕೊಂಡಿದೆ.

ಬೇಸಿಗೆಯಲ್ಲಿ ಎಲ್ಲರ ಕೈಯಲ್ಲೂ ಇರುವುದು ಫ್ರೊಚ್, ಅಂದರೆ ಸೋಡಾ ಬೆರೆಸಿದ ವೈನ್. ಪಾದ್ರಿ ಹಾಗೂ ಭೌತವಿಜ್ಞಾನಿ ಆನ್ಯೊಶ್ ಯೆದ್ಲಿಕ್ 19ನೆಯ ಶತಮಾನದಲ್ಲಿ ಸೋಡಾ ತಯಾರಿಕೆಗೆ ದಾರಿ ಮಾಡಿದ. ಅಳತೆಗೆ ತಕ್ಕಂತೆ ಹೆಸರು ಬದಲಾಗುತ್ತದೆ: ಒಂದು ಡೆಸಿಲೀಟರ್ ವೈನಿಗೆ ಒಂದು ಸೋಡಾ ಚಿಕ್ಕದು, ಎರಡಕ್ಕೆ ಒಂದು ದೊಡ್ಡದು, ಒಂದಕ್ಕೆ ಎರಡು ‘ಉದ್ದಹೆಜ್ಜೆ’. ಹಣ್ಣಿನಿಂದ ಬಟ್ಟಿ ಇಳಿಸುವ ಪಾಲಿಂಕ ಊಟಕ್ಕೆ ಮುಂಚಿನ ಸತ್ಕಾರ. ಕೆಚ್ಕೆಮೇತ್‌ನ ಏಪ್ರಿಕಾಟ್, ಸತ್ಮಾರ್‌ನ ಪ್ಲಮ್ ಅದರಲ್ಲಿ ಶ್ರೇಷ್ಠ. ದುಂಡುಬಾಟಲಿಯ ಕಹಿ ಗಿಡಮೂಲಿಕೆ ಮದ್ಯ ಉನಿಕುಮ್ ಸ್ವಾಕ್ ಮನೆತನದ್ದು. ವೈನ್ ತೋಟಗಳಿಗೆ ಕಾರಿನಲ್ಲಿ ಹೋಗುವವರು ನೆನಪಿಡಬೇಕಾದ ಕಾನೂನೊಂದಿದೆ: ವಾಹನ ಓಡಿಸುವವರ ರಕ್ತದಲ್ಲಿ ಮದ್ಯದ ಅಂಶ ಒಂದಿಷ್ಟೂ ಇರಕೂಡದು.

ಬಟ್ಟಲೆತ್ತುವಾಗ ‘ಎಗೇಶ್ಶೇಗೆದ್ರೆ’ ಎಂದು ಆರೋಗ್ಯ ಹಾರೈಸಿ, ಎದುರಿನವರ ಕಣ್ಣನ್ನೇ ನೋಡುವುದು ಮರ್ಯಾದೆ. ವೈನ್, ಪಾಲಿಂಕಗಳ ಬಟ್ಟಲು ತಾಗಿಸುತ್ತಾರೆ. ಬಿಯರಿನ ಲೋಟವನ್ನು ಮಾತ್ರ ಅನೇಕರು, ಅದರಲ್ಲೂ ಹಿರಿಯರು, ತಾಗಿಸುವುದಿಲ್ಲ. 1849ರ ಅಕ್ಟೋಬರ್ 6ರಂದು ಅರಾದ್‌ನಲ್ಲಿ, ಆಸ್ಟ್ರಿಯದ ವಿರುದ್ಧ ದಂಗೆಯೆದ್ದು ಸೋತ 13 ಹಂಗೆರಿಯನ್ ಸೇನಾನಿಗಳಿಗೆ ಮರಣದಂಡನೆಯಾದಾಗ ಆಸ್ಟ್ರಿಯದ ಅಧಿಕಾರಿಗಳು ಬಿಯರ್ ಲೋಟ ತಾಗಿಸಿ ಸಂಭ್ರಮಿಸಿದರೆಂದೂ, 150 ವರ್ಷ ಹಾಗೆ ಮಾಡೆವೆಂದು ಹಂಗೆರಿಯನ್ನರು ಪಣತೊಟ್ಟರೆಂದೂ ಪ್ರತೀತಿ. 1999ಕ್ಕೆ ಆ ಅವಧಿ ಮುಗಿದರೂ ಆ ನೋವಿನ ಗೌರವಕ್ಕಾಗಿ ರೂಢಿ ಉಳಿದಿದೆ. ಅತಿಥಿಯಾದವರು ತಾವಾಗಿ ಲೋಟ ಮುಂದೆ ಮಾಡದೆ ಮನೆಯವರು ಮಾಡಿದಂತೆ ಮಾಡುವುದು ಲೇಸು.

ಹಬ್ಬದ ಊಟ

ಕ್ರಿಸ್‌ಮಸ್ ಹಿಂದಿನ ರಾತ್ರಿ ಹಲಾಸ್‌ಲೇ ಮತ್ತು ಕರಿದ ಕಾರ್ಪ್ ಮೀನು. ಮಾರನೆಯ ದಿನ ಎಲೆಕೋಸಿನ ತೊಲ್ತೊತ್ ಕಾಪೊಸ್ತ. ಗಸಗಸೆಯದೊಂದು, ಅಕ್ರೋಟಿನದೊಂದು ಹೀಗೆ ಜೋಡಿಯಾಗಿ ಸುರುಳಿ ಸುತ್ತಿದ ಬೆಯ್ಗ್ಲಿ ಇಲ್ಲದೆ ಹಬ್ಬವಿಲ್ಲ. ಮರಕ್ಕೆ ತೂಗುಹಾಕಿದ ಸಲೊನ್‌ಚುಕೊರ್ ಮಿಠಾಯಿಯನ್ನು ಮಕ್ಕಳು ಹೊದಿಕೆ ಹಾಗೇ ಉಳಿಸಿ ಒಳಗಿನದನ್ನು ಖಾಲಿ ಮಾಡುತ್ತಾರೆ. ಹೊಸವರ್ಷಕ್ಕೆ ಮಸೂರ್ ಬೇಳೆ ಉಂಡರೆ ಹಣ ಕೂಡುತ್ತದೆಂದು ನಂಬಿಕೆ. ಕೋಳಿ ಅದೃಷ್ಟವನ್ನು ಹಿಂದಕ್ಕೆ ಕೆದರಿಬಿಡುತ್ತದೆಂದು ಆ ದಿನ ತಿನ್ನುವುದಿಲ್ಲ. ಈಸ್ಟರಿಗೆ ಹ್ಯಾಮ್, ಬೆಂದ ಮೊಟ್ಟೆ, ತೊರ್ಮ, ಹೆಣೆದ ಸಿಹಿರೊಟ್ಟಿಗಳನ್ನು ಬುಟ್ಟಿಯಲ್ಲಿ ಚರ್ಚಿಗೆ ಒಯ್ದು ಹರಸಿ ತರುವ ರೂಢಿಯಿದೆ. ಆಗಸ್ಟ್ 20 ಸಂತ ಇಷ್ತ್ವಾನನ ದಿನ, ಹೊಸ ಗೋಧಿಯ ರೊಟ್ಟಿಯನ್ನು ರಾಷ್ಟ್ರಧ್ವಜದ ಬಣ್ಣದ ಪಟ್ಟಿ ಕಟ್ಟಿ ಮುರಿಯುತ್ತಾರೆ. 2007ರಿಂದ ಆ ಹಬ್ಬಕ್ಕೆಂದು ಆ ವರ್ಷದ ‘ದೇಶದ ಕೇಕ’ನ್ನೂ ಆರಿಸುತ್ತಾರೆ. ನವೆಂಬರ್ 11ರ ಮಾರ್ತೊನ್ ದಿನಕ್ಕೆ ಹೆಬ್ಬಾತಿನ ಮಾಂಸ ಮತ್ತು ಹೊಸ ವೈನ್.

ಹಳ್ಳಿಗಳ ಚಳಿಗಾಲದ ದೊಡ್ಡ ಸಂದರ್ಭ ದಿಸ್ನೋವಾಗಾಶ್, ಹಂದಿ ಕಡಿಯುವ ದಿನ. ನಸುಕಿನಲ್ಲೇ ನೆರೆಹೊರೆಯವರು ಸೇರಿ, ಪಾಲಿಂಕದ ಒಂದು ಗುಟುಕಿನಿಂದ ಕೆಲಸ ಆರಂಭಿಸುತ್ತಾರೆ. ಹುಲ್ಲಿನ ಬೆಂಕಿಯಲ್ಲಿ ರೋಮ ಸುಟ್ಟು, ಸಂಜೆಯೊಳಗೆ ಸಾಸೇಜು, ರಕ್ತ ಮತ್ತು ಪಿತ್ತಜನಕಾಂಗದ ಹುರ್ಕ, ಕರಿದ ಕೊಬ್ಬಿನ ತೆಪೆರ್ತೋ ಎಲ್ಲ ಸಿದ್ಧ. ಏನೂ ವ್ಯರ್ಥವಾಗುವುದಿಲ್ಲ. ಸಹಾಯಕ್ಕೆ ಬಂದವರಿಗೂ ಬಾರದ ನೆಂಟರಿಗೂ ಒಂದು ಪಾಲು ರುಚಿ ನೋಡಲೆಂದು ಹೋಗುತ್ತದೆ. ಅವರ ಮನೆಯ ಸರದಿ ಬಂದಾಗ ಅದು ಮರಳಿ ಬರುತ್ತದೆ. ಮದುವೆಗಳಲ್ಲಿ ವೋಫೇಯ್ ಎಂಬ ನಿರ್ವಾಹಕ ಪ್ರತಿ ಬಡಿಸುವಿಕೆಗೂ ಮುನ್ನ ಪದ್ಯ ಹೇಳುತ್ತಾನೆ. ನಡುರಾತ್ರಿಯ ವಧುವಿನ ಕುಣಿತದ ಹೊತ್ತಿಗೆ ಬಿಸಿಯಾದ ಎಲೆಕೋಸು ಬರುತ್ತದೆ.

ಮನೆಗೆ ಕರೆದಾಗ

ಊಟಕ್ಕೆ ಕರೆದವರ ಮನೆಗೆ ಹೂವು, ಚಾಕೊಲೇಟು ಇಲ್ಲವೇ ಒಳ್ಳೆಯ ಬಾಟಲಿ ಒಯ್ಯುವುದು ಪದ್ಧತಿ. ಹೂವಿನ ಎಣಿಕೆ ಬೆಸಸಂಖ್ಯೆಯಲ್ಲಿರಬೇಕು. ಸಮಸಂಖ್ಯೆ ಸಾವಿನ ಮನೆಗೆ. ಸೇವಂತಿಗೆ ನವೆಂಬರಿನಲ್ಲಿ ಸಮಾಧಿಗಳಿಗೆ ಏರಿಸುವ ಹೂವಾದ್ದರಿಂದ ಅದು ಬೇಡ. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಒಳಗೆ ಹಾಕಿಕೊಳ್ಳಲು ಅವರೇ ಮೆಟ್ಟು ಕೊಡುತ್ತಾರೆ. ಮನೆಯವರು ‘ಯೋ ಏತ್ವಾಜತ್’ ಎಂದು ಚೆನ್ನಾಗಿ ಊಟ ಮಾಡಲು ಹಾರೈಸುವವರೆಗೆ ಕೈಹಚ್ಚುವುದಿಲ್ಲ. ಅತಿಥಿಯ ತಟ್ಟೆ ಬರಿದಾದರೆ ಮತ್ತೆ ಬಡಿಸುತ್ತಾರೆ, ಬಟ್ಟಲು ಬರಿದಾದರೆ ಮತ್ತೆ ತುಂಬುತ್ತಾರೆ. ಸಾಕಾದವರು ಬಟ್ಟಲಿನಲ್ಲಿ ಒಂದಿಷ್ಟು ಉಳಿಸಿಟ್ಟರೆ ಅರ್ಥವಾಗುತ್ತದೆ. ಮೊದಲ ಬಾರಿ ಬೇಡವೆಂದರೆ ಅದನ್ನು ಸಂಕೋಚವೆಂದೇ ತಿಳಿಯುವುದರಿಂದ ನಗುತ್ತಲೇ ಎರಡು ಮೂರು ಸಲ ಹೇಳಬೇಕಾಗುತ್ತದೆ.

ಹೋಟೆಲಿನಲ್ಲಿ

ಎತ್ತೆರೆಮ್ ದೊಡ್ಡ ಹೋಟೆಲು, ವೆಂದೇಗ್ಲೋ ಮನೆವಾರ್ತೆಯ ಸಾಧಾರಣ ಹೋಟೆಲು, ಚಾರ್ದ ಬಯಲುಸೀಮೆಯ ಹೆದ್ದಾರಿ ಬದಿಯ ಹಳೆಯ ಮಾದರಿಯದು, ಎತ್ಕೆಜ್ದೆ ಚೌಕಳಿ ಮೇಜುಬಟ್ಟೆ ಹಾಸಿದ ಅಗ್ಗದ ಊಟದ ಮನೆ. ವಾರದ ದಿನಗಳಲ್ಲಿ ಮಧ್ಯಾಹ್ನ ‘ನಪಿ ಮೆನ್ಯು’ ಎಂಬ ದಿನದ ಊಟ ಅನೇಕ ಕಡೆ ಸಿಗುತ್ತದೆ: ಸೂಪು, ಮುಖ್ಯ ಊಟ, ಕೆಲವೆಡೆ ಸಿಹಿಯೂ ಸೇರಿ ಒಂದೇ ಬೆಲೆ. ಕಚೇರಿಯ ನೌಕರರು ಉಣ್ಣುವುದು ಇದನ್ನೇ. ಹಂಗೆರಿಯ ಊಟವನ್ನು ಕಡಿಮೆ ಖರ್ಚಿನಲ್ಲಿ, ಸರಿಯಾದ ಹೊತ್ತಿನಲ್ಲಿ, ಸರಿಯಾದ ಜನರ ನಡುವೆ ಉಣ್ಣಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಕಟುಕರ ಅಂಗಡಿಗಳಲ್ಲೂ ಒಂದು ಬದಿಯಲ್ಲಿ ಬಿಸಿ ಸಾಸೇಜು, ಹುರ್ಕ, ಸಾಸಿವೆ, ಉಪ್ಪಿನಕಾಯಿ, ರೊಟ್ಟಿ ಸಿಗುತ್ತವೆ. ಎತ್ತರದ ಮೇಜಿನ ಮುಂದೆ ನಿಂತೇ ತಿನ್ನುವ ಜಾಗ ಅದು. ಬುಡಾಪೆಸ್ಟಿನಲ್ಲಿ 1897ರಲ್ಲಿ ತೆರೆದ ದೊಡ್ಡ ಮಾರುಕಟ್ಟೆ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ತರಕಾರಿ, ಪಪ್ರಿಕ, ಮಾಂಸದ ಸಾಲುಗಳಿವೆ. ನೆಲಮಾಳಿಗೆಯಲ್ಲಿ ಹುಳಿಬರಿಸಿದ ತರಕಾರಿಯ ಜಾಡಿಗಳು.

ಕೆಲವು ಹೋಟೆಲುಗಳಲ್ಲಿ ರೋಮಾ ವಾದ್ಯಗಾರರು ಪಿಟೀಲು, ಸಿಂಬಲೊಮ್ ನುಡಿಸುತ್ತಾರೆ. ಇವರ ಪೂರ್ವಿಕರು ಶತಮಾನಗಳ ಹಿಂದೆ ಉತ್ತರ ಭಾರತದಿಂದ ಹೊರಟವರೆಂಬುದನ್ನು ಭಾಷಾವಿಜ್ಞಾನವೂ ತಳಿವಿಜ್ಞಾನವೂ ತೋರಿಸಿಕೊಟ್ಟಿವೆ. ಮೇಜಿನ ಬಳಿ ಬಂದು ನುಡಿಸಿದಾಗ ಹಾಡು ಕೇಳಿಸಿಕೊಂಡು ಕಾಣಿಕೆ ಕೊಡುವುದು ವಾಡಿಕೆ.

ಭಕ್ಷೀಸು ಶೇಕಡ ಹತ್ತರಿಂದ ಹದಿನೈದು. ಬಿಲ್ಲಿನಲ್ಲಿ ‘ಸೆರ್ವೀಜ್‌ದೀಯ್’ ಎಂಬ ಸೇವಾಶುಲ್ಕ ಸೇರಿದೆಯೇ ಎಂದು ಮೊದಲು ನೋಡಬೇಕು. ಸೇರಿದ್ದರೆ ಮತ್ತೆ ಕೊಡಬೇಕಿಲ್ಲ. ಭಕ್ಷೀಸನ್ನು ಮೇಜಿನ ಮೇಲೆ ಬಿಟ್ಟು ಬರುವ ರೂಢಿ ಅಲ್ಲಿ ಕಡಿಮೆ. ಹಣ ಕೊಡುವಾಗಲೇ ಒಟ್ಟು ಎಷ್ಟು ತೆಗೆದುಕೊಳ್ಳಬೇಕೆಂದು ಬಾಯಲ್ಲಿ ಹೇಳುತ್ತಾರೆ. ನೋಟು ಕೈಗಿಡುವಾಗ ‘ಕೊಸೊನೊಮ್’ ಎಂದು ಧನ್ಯವಾದ ಹೇಳಿದರೆ ಚಿಲ್ಲರೆ ನೀವೇ ಇಟ್ಟುಕೊಳ್ಳಿ ಎಂದೇ ಪರಿಚಾರಕರು ತಿಳಿಯುತ್ತಾರೆ. ಚಿಲ್ಲರೆ ಬೇಕಿದ್ದವರು ಅದು ಕೈಸೇರಿದ ಮೇಲೆ ಧನ್ಯವಾದ ಹೇಳುವುದು ಸರಿ.

ಕರ್ನಾಟಕದಿಂದ ಹೋಗುವ ಸಸ್ಯಾಹಾರಿಗಳು ಕೇಳಿ ತಿಳಿದೇ ಉಣ್ಣಬೇಕು. ಪಟ್ಟಿಯಲ್ಲಿ ಮಾಂಸದ ಹೆಸರಿಲ್ಲದಿದ್ದರೂ ಒಗ್ಗರಣೆ ಹಂದಿಕೊಬ್ಬಿನದಾಗಿರಬಹುದು, ತರಕಾರಿ ಸೂಪಿನ ತಳ ಮೂಳೆಸಾರಾಗಿರಬಹುದು. ಬೀನ್ಸ್ ಮತ್ತು ಬೇಳೆಯ ಅಡುಗೆಯಲ್ಲಿ ಹೊಗೆಯಿಟ್ಟ ಮಾಂಸ ಸಾಮಾನ್ಯ. ತೂರೋಶ್ ಚುಸದ ಮೇಲಿನ ಕೊಬ್ಬಿನ ಚೂರು ಬೇಡವೆಂದು ಮೊದಲೇ ಹೇಳಬಹುದು. ನೊಕೆಡ್ಲಿ, ತರ್ಹೊನ್ಯಗಳಲ್ಲಿ ಮೊಟ್ಟೆಯಿದೆ; ಕರಿದ ಗಿಣ್ಣು ರಾಂತೊತ್ ಶಾಯ್ತ್ ಮತ್ತು ಕರಿದ ಅಣಬೆಯ ಹೊದಿಕೆಯಲ್ಲೂ ಇದೆ. ಲಾಂಗೋಶ್‌ಗೆ ಈಗ ಹೆಚ್ಚಿನ ಕಡೆ ಸೂರ್ಯಕಾಂತಿ ಎಣ್ಣೆ ಬಳಸುತ್ತಾರೆ. ಹುಳಿಚೆರ್ರಿ ಸೂಪು, ಅಣಬೆಯ ಪಪ್ರಿಕಾಶ್, ಸಾಸೇಜು ಹಾಕದ ಲೆಚೊ, ಗಸಗಸೆಯ ಶಾವಿಗೆ, ಒಳಗೆ ಪ್ಲಮ್ ಹಣ್ಣಿಟ್ಟು ಬೇಯಿಸಿ ಹುರಿದ ರೊಟ್ಟಿಪುಡಿಯಲ್ಲಿ ಹೊರಳಿಸಿದ ಆಲೂಗೆಡ್ಡೆಯ ಸಿಲ್ವಾಶ್ ಗೊಂಬೋತ್ಸ್ ಇವುಗಳಿಂದ ಹಂಗೆರಿಯ ಪೂರ್ತಿ ಊಟವೇ ಸಿದ್ಧವಾಗುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಎರಡರೊಳಗೆ ಹೋದರೆ ಇವು ಒಲೆಯಿಂದ ಆಗತಾನೆ ಇಳಿದಿರುತ್ತವೆ.